ಹಲ್ಲಿ ಸಾಕ್ತೀರಾ? ಮೊದಲು ಗೂಡಿನ ಬಿಸಿ ನೋಡ್ಕೊಳ್ಳಿ

ಸೇಲಂ: ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳು ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನುವ ಅಜ್ಜಿ ಒಂದು ಕಡೆ. ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವ, ‘ಕಂಚಿಯ ವರದರಾಜ ಪೆರುಮಾಳ್ ಗುಡಿಯಲ್ಲಿ ಚಿನ್ನದ ಹಲ್ಲಿ ಮುಟ್ಟಿ ಬಂದಿದ್ದೀವಿ, ಏನೂ ಆಗಲ್ಲ ಬಿಡು’ ಎಂದು ಸಮಾಧಾನ ಹೇಳುವ ಅಪ್ಪ-ಅಮ್ಮ ಇನ್ನೊಂದು ಕಡೆ. ಇಂಥ ಮನೆಯಲ್ಲಿ ಹೈಸ್ಕೂಲು ಓದುವ ಮಗ ಬಂದು ‘ನಂಗೊಂದು ಹಲ್ಲಿ ಕೊಡ್ಸಿ, ಸಾಕ್ತೀನಿ’ ಅಂದರೆ?

ನಗುವ ಮಾತಲ್ಲ. ‘ಲೆಪರ್ಡ್ ಗೆಕ್ಕೋ’ ಎಂಬ ಚುಕ್ಕೆ ಹಲ್ಲಿಯನ್ನು ನಾಯಿ, ಬೆಕ್ಕು, ಲವ್‌ಬರ್ಡ್ಸ್ ಜತೆಗೇ ಸಾಕುಪ್ರಾಣಿಯಾಗಿ ಮಾರುವ ಕಾಲ ಇದು. ಹಳದಿ ಮೈ, ಕಪ್ಪು ಚುಕ್ಕೆ, ದಪ್ಪ ಬಾಲ, ನಗುತ್ತಿರುವಂತೆ ಕಾಣುವ ಬಾಯಿ. ನಮ್ಮ ಗೋಡೆ ಹಲ್ಲಿಗೆ ಕಣ್ಣಿನ ರೆಪ್ಪೆ ಇಲ್ಲ, ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ಈ ಚುಕ್ಕೆ ಹಲ್ಲಿಗೆ ರೆಪ್ಪೆ ಇದೆ, ಆದರೆ ಬೆರಳಿಗೆ ಅಂಟುವ ಶಕ್ತಿ ಇಲ್ಲ. ಗಾಜು ಹತ್ತಲಾರದು. ಮೂಲತಃ ಪಾಕಿಸ್ತಾನ, ಅಫ್ಘಾನಿಸ್ತಾನ ಕಡೆಯ ಒಣ ಕಲ್ಲುಭೂಮಿಯ ಜೀವಿ. ಸರಿಯಾಗಿ ನೋಡಿಕೊಂಡರೆ 15 ವರ್ಷ, ಕೆಲವು ಅದಕ್ಕೂ ಹೆಚ್ಚು ಬದುಕುತ್ತವೆ. ಅಂದರೆ ಎಂಟನೇ ಕ್ಲಾಸಿನ ಹುಡುಗ ತಂದ ಹಲ್ಲಿಯನ್ನು ಅವನು ಕಾಲೇಜಿಗೆ ಬೆಂಗಳೂರಿಗೆ ಹೋದ ಮೇಲೆ ನೋಡಿಕೊಳ್ಳುವವರು ಅಮ್ಮನೇ. ತರುವ ಮೊದಲು ಈ ಒಂದು ಮಾತು ಮನೆಯಲ್ಲಿ ಇತ್ಯರ್ಥ ಆಗಿರಲಿ.

ಈ ಪ್ರಾಣಿಯ ತೊಂದರೆ ಏನೆಂದರೆ, ಅದು ಕೂಗುವುದಿಲ್ಲ. ನಾಯಿ ಹಸಿದರೆ ಬೊಗಳುತ್ತದೆ, ಬೆಕ್ಕು ಕಾಲು ಸುತ್ತುತ್ತದೆ. ಹಲ್ಲಿ ಮಾತ್ರ ಕಲ್ಲಿನ ಕೆಳಗೆ ಸುಮ್ಮನೆ ಕೂತು ವಾರಗಟ್ಟಲೆ ಸೊರಗುತ್ತದೆ. ‘ನೆನ್ನೆವರೆಗೂ ಚೆನ್ನಾಗಿತ್ತು’ ಎನ್ನುವವರೇ ಹೆಚ್ಚು. ಚೆನ್ನಾಗಿರಲಿಲ್ಲ, ಗೊತ್ತಾಗಲಿಲ್ಲ ಅಷ್ಟೇ. ಅದಕ್ಕೆ ಬಾಲ ನೋಡಬೇಕು. ಕೊಬ್ಬು ಕೂಡಿಡುವುದು ಅಲ್ಲೇ. ಬಾಲ ಸಣ್ಣಗಾಗುತ್ತಿದ್ದರೆ ಒಳಗೇನೋ ಕೆಟ್ಟಿದೆ ಎಂದರ್ಥ. ಅಡುಗೆಮನೆಯ ತಕ್ಕಡಿ ಬೇಡ, ಗ್ರಾಂ ತೋರಿಸುವ ಒಂದು ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಅದಕ್ಕೆಂದೇ ಇಟ್ಟುಕೊಂಡು ವಾರಕ್ಕೊಮ್ಮೆ ತೂಕ ಬರೆದಿಟ್ಟರೆ ಅರ್ಧ ಕಾಯಿಲೆ ಮುಂಚೆಯೇ ತಿಳಿಯುತ್ತದೆ.

ಎರಡನೆಯದು ಬಿಸಿ. ಹಲ್ಲಿಯ ಮೈ ತಾನಾಗಿ ಬೆಚ್ಚಗಾಗುವುದಿಲ್ಲ. ಹೊಟ್ಟೆಗೆ ಬಿಸಿ ತಾಗದಿದ್ದರೆ ತಿಂದದ್ದು ಅರಗುವುದಿಲ್ಲ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಗಾಜಿನ ಗೂಡು ಇದ್ದರೆ ಒಂದು ತುದಿಯ ನೆಲ 31-33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24-26 ಇರಬೇಕು. ಬೇಕಾದಾಗ ಅದೇ ಅತ್ತಿತ್ತ ಓಡಾಡಿಕೊಳ್ಳುತ್ತದೆ. ಎರಡೂ ತುದಿಯಲ್ಲಿ ಅಡಗಲು ಒಂದೊಂದು ಮರೆ, ನಡುವೆ ಒದ್ದೆ ಪಾಚಿಯೋ ಟಿಶ್ಯೂ ಪೇಪರೋ ಹಾಕಿದ ಮೂರನೇ ಮರೆ. ಪೊರೆ ಬಿಡುವಾಗ ಆ ತೇವ ಬೇಕು. ಇಲ್ಲದಿದ್ದರೆ ಹಳೆ ಪೊರೆ ಬೆರಳಿಗೆ ದಾರ ಸುತ್ತಿದ ಹಾಗೆ ಬಿಗಿದು, ಬೆರಳೇ ಉದುರಿ ಹೋಗುತ್ತದೆ.

ಪುಸ್ತಕಗಳಲ್ಲಿ ಬಿಸಿ ಕೊಡುವುದು ಹೇಗೆ ಎಂದು ಪುಟಗಟ್ಟಲೆ ಇರುತ್ತದೆ. ಅವು ಚಳಿ ದೇಶದವರು ಬರೆದದ್ದು. ಸೇಲಂನಲ್ಲಿ ಏಪ್ರಿಲ್-ಮೇ ತಿಂಗಳ ಕಷ್ಟ ಅದರ ತದ್ವಿರುದ್ಧ. ಶೀಟು ಮನೆಯ ಮಧ್ಯಾಹ್ನದಲ್ಲಿ ಗೂಡಿನ ತಂಪು ತುದಿಯೇ 35 ದಾಟಿದರೆ ಪ್ರಾಣಿ ಓಡುವುದೆಲ್ಲಿಗೆ? ಆ ಎರಡು ತಿಂಗಳು ಹೀಟ್ ಮ್ಯಾಟ್ ಆರಿಸಿ, ಗೂಡನ್ನು ಕಿಟಕಿಯಿಂದ ದೂರ, ಕೆಳಮನೆಯ ನೆಲದ ಮೇಲೆ ಇಡಬೇಕು. ಧರ್ಮಪುರಿ ಕಡೆ ಡಿಸೆಂಬರ್-ಜನವರಿ ರಾತ್ರಿ ತಣ್ಣಗಿರುತ್ತದೆ, ಆಗ ಮ್ಯಾಟ್ ಬೇಕು. ಆದರೆ ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಹೊಟ್ಟೆ ಸುಡುತ್ತದೆ. ಥರ್ಮೋಸ್ಟಾಟ್‌ಗೆ ದುಡ್ಡಿಲ್ಲ ಎಂದರೆ ಹಲ್ಲಿಯೂ ಬೇಡ.

ಮರಳು ಹಾಕಬೇಡಿ. ನೋಡಲು ಮರುಭೂಮಿ ಥರ ಚಂದ, ಆದರೆ ಹುಳ ಹಿಡಿಯುವಾಗ ಮರಳೂ ಹೊಟ್ಟೆಗೆ ಹೋಗಿ ಕರುಳು ಕಟ್ಟುತ್ತದೆ. ಟೈಲ್ಸ್ ಸಾಕು. ಎರಡು ಗಂಡು ಒಟ್ಟಿಗೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ.

ಇನ್ನು ಊಟ. ಅನ್ನ, ಹಣ್ಣು, ಸೊಪ್ಪು ಯಾವುದೂ ನಡೆಯದು, ಜೀವಂತ ಹುಳವೇ ಆಗಬೇಕು. ಸಸ್ಯಾಹಾರಿ ಮನೆಯವರು ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಫ್ರಿಜ್ ಪಕ್ಕ ಹುಳದ ಡಬ್ಬಿ ಇಟ್ಟ ಮೇಲೆ ಜಗಳ ಮಾಡಿ ಫಲವಿಲ್ಲ. ಮರಿಗೆ ದಿನವೂ, ಬೆಳೆದದ್ದಕ್ಕೆ ಎರಡು-ಮೂರು ದಿನಕ್ಕೊಮ್ಮೆ. ಹುಳ ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಹುಳಕ್ಕೂ ಹಿಂದಿನ ದಿನ ಕ್ಯಾರೆಟ್, ಸೊಪ್ಪು ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಮೆತ್ತಿ ಕೊಡಬೇಕು. ಅದು ತಪ್ಪಿದರೆ ಮೂಳೆ ಮೆದುವಾಗಿ ಕಾಲು ಸೊಟ್ಟಗಾಗುತ್ತವೆ.

‘ಹೊಲದಲ್ಲಿ ಮಿಡತೆ ಬೇಕಾದಷ್ಟಿದೆ, ದುಡ್ಡು ಯಾಕೆ’ ಎಂದು ಪಾಲಕ್ಕೋಡು, ಪೆನ್ನಾಗರಂ ಕಡೆಯವರು ಅನ್ನಬಹುದು. ಟೊಮೇಟೊ, ಮಾವಿಗೆ ಔಷಧಿ ಹೊಡೆಯುವ ಊರಿನಲ್ಲಿ ಆ ಮಿಡತೆ ತಿಂದ ಹಲ್ಲಿ ಉಳಿಯುವುದು ಅನುಮಾನ. ಗೂಡಿರುವ ಕೋಣೆಯಲ್ಲಿ ಸೊಳ್ಳೆ ಬತ್ತಿಯೂ ಬೇಡ.

ಹೊಸದಾಗಿ ತಂದ ಮೊದಲ ಒಂದೆರಡು ವಾರ ಮುಟ್ಟಲೇಬಾರದು. ಊಟ ಬಿಟ್ಟರೂ ಗಾಬರಿಯಾಗಬೇಕಿಲ್ಲ, ಜಾಗ ಹೊಸತು. ಮಕ್ಕಳಿಗೆ ಕಷ್ಟ ಇದೇ. ಹೆದರಿಸಿದರೆ ಬಾಲ ಕಳಚಿ ಬಿಡುತ್ತದೆ. ಮತ್ತೆ ಬೆಳೆಯುತ್ತದೆ ನಿಜ, ಮೊದಲಿನ ಅಂದ ಬರದು. ಅಂದ ಹಾಗೆ, ಹಲ್ಲಿ ವಿಷ ಎಂಬುದು ಸುಳ್ಳು. ಆದರೆ ಅದರ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಅದರ ನೀರಿನ ತಟ್ಟೆಯನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬಾರದು.

ಕಾಸು ಕೊಟ್ಟು ಯಾಕೆ, ಏರ್ಕಾಡಿನ ಬಂಡೆಯಿಂದ ಒಂದು ಹಿಡಿದು ನೀರಿನ ಬಾಟಲಿಯಲ್ಲಿ ಹಾಕ್ಕೊಂಡು ಬಂದರಾಯಿತು ಎಂಬ ಯೋಚನೆ ಇದ್ದರೆ ಅಲ್ಲಿಗೇ ಬಿಡಿ. ನಮ್ಮ ಶೆವರಾಯ್ ಬೆಟ್ಟದ ಹಲ್ಲಿಗಳು ಸಾಮಾನ್ಯದವಲ್ಲ. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ 1870ರಲ್ಲೇ ಇಲ್ಲಿಂದ ಒಂದು ಸಣಕಲು ಹಲ್ಲಿಯನ್ನು ವಿವರಿಸಿದ್ದ. 2000ದಲ್ಲಿ ಹಗಲು ಓಡಾಡುವ ಒಂದು ಪುಟ್ಟ ಹಲ್ಲಿಗೆ ಏರ್ಕಾಡಿನ ಹೆಸರೇ ಬಂತು. 2019ರಲ್ಲಿ ಇದೇ ಬೆಟ್ಟಸಾಲಿನಿಂದ ಇನ್ನೆರಡು ಸೇರಿದವು. ಒಂದಕ್ಕೆ ಬೆಟ್ಟದ ಹೆಸರು, ಇನ್ನೊಂದಕ್ಕೆ ಮುಂಬೈನ ತೇಜಸ್ ಠಾಕ್ರೆ ಅವರ ಹೆಸರು. ಅದೇ ವರ್ಷ ಸಂಕರಿ ಬೆಟ್ಟದ ಹಲ್ಲಿಗೂ ಸಂಕರಿಯದೇ ಹೆಸರಾಯಿತು. ಇವುಗಳಲ್ಲಿ ಕೆಲವು ಆಯಾ ಬೆಟ್ಟದ ತಂಪು ಬಂಡೆ ಸಂದಿಗೇ ಅಂಟಿಕೊಂಡ ಜೀವಗಳು, ಸೇಲಂ ಪೇಟೆಯ ಸೆಕೆಯಲ್ಲಿ ಬಾಟಲಿಯೊಳಗೆ ಬದುಕುವುದಿಲ್ಲ. ರಿಸರ್ವ್ ಫಾರೆಸ್ಟಿನಿಂದ ಪ್ರಾಣಿ ಹಿಡಿದು ತಂದರೆ ಕೇಸೂ ಆಗುತ್ತದೆ.

ಅಂಗಡಿಯಲ್ಲಿ ಕೊಳ್ಳುವವರು ಬಿಲ್ಲು, ಜಾತಿಯ ಹೆಸರು ಬರೆಸಿಕೊಳ್ಳಬೇಕು. ಚುಕ್ಕೆ ಹಲ್ಲಿಯ ನೆಂಟರು ನಮ್ಮ ದೇಶದ ಕಾಡಿನಲ್ಲೂ ಇರುವುದರಿಂದ, ಗೂಡಿನಲ್ಲಿ ಹುಟ್ಟಿದ್ದೋ ಕಾಡಿನಿಂದ ಹಿಡಿದದ್ದೋ ಎಂದು ಕೇಳುವುದು ಜರೂರು. ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿರುವ ಪ್ರಾಣಿಯಾದರೆ 2024ರ ನಿಯಮದ ಪ್ರಕಾರ ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಲೇಬೇಕು.

ಕಾಯಿಲೆ ಬಿದ್ದರೆ ಊರಿನ ದನದ ಆಸ್ಪತ್ರೆಯಲ್ಲಿ ಹಲ್ಲಿ ನೋಡಿ ಅನುಭವ ಇರುವವರು ಸಿಗುವುದು ಕಷ್ಟ. ನಾಮಕ್ಕಲ್‌ನಲ್ಲಿ ಪಶುವೈದ್ಯ ಕಾಲೇಜಿದೆ, ಸೇಲಂ ಜಿಲ್ಲೆಯ ತಲೈವಾಸಲ್‌ನಲ್ಲೂ ಇದೆ. ಹಲ್ಲಿ ತರುವ ಮೊದಲೇ ಒಮ್ಮೆ ವಿಚಾರಿಸಿಟ್ಟುಕೊಂಡರೆ ಕೊನೆ ಗಳಿಗೆಯಲ್ಲಿ ಓಡಾಟ ತಪ್ಪುತ್ತದೆ.

ಅಲ್ಲಿಯವರೆಗೆ ಟ್ಯೂಬ್‌ಲೈಟ್ ಹಿಂದೆ ಒಂದಿದೆಯಲ್ಲ. ರಾತ್ರಿ ಎಂಟಕ್ಕೆ ಅದು ಹೊರಗೆ ಬಂದು ಎಷ್ಟು ಹುಳ ಹಿಡಿಯುತ್ತದೆ ಎಂದು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಲು ಹುಡುಗನಿಗೆ ಹೇಳಿ. ಏಳನೇ ದಿನವೂ ಬರೆದಿದ್ದರೆ ಗೂಡಿನ ಮಾತು ತೆಗೆಯಬಹುದು.