ಗಿರಕಿ ಹೊಡೆಯದೆ ಬೀಳುವ ವಿದ್ಯೆ

2012ರ ಅಕ್ಟೋಬರ್ 14ರಂದು ಆಸ್ಟ್ರಿಯಾದ ಫೆಲಿಕ್ಸ್ ಬೌಮ್‌ಗಾರ್ಟ್ನರ್ ಸುಮಾರು 39 ಕಿಲೋಮೀಟರ್ ಎತ್ತರದಲ್ಲಿ ಹೀಲಿಯಂ ಬಲೂನಿಗೆ ಕಟ್ಟಿದ್ದ ಗೂಡಿನಿಂದ ಹೊರಗೆ ಹಾರಿದರು. ಕೆಳಗೆ ಅಮೆರಿಕದ ನ್ಯೂ ಮೆಕ್ಸಿಕೊದ ಬಯಲು. ಅರ್ಧ ನಿಮಿಷ ದಾಟುತ್ತಲೇ ಅವರು ಶಬ್ದದ ವೇಗವನ್ನು ಹಿಂದಿಕ್ಕಿದ್ದರು; ಸುಮಾರು 50ನೇ ಸೆಕೆಂಡಿಗೆ ವೇಗ ಗಂಟೆಗೆ 1,357 ಕಿ.ಮೀ. ಮುಟ್ಟಿತ್ತು. ನೋಡಿದವರೆಲ್ಲ ಬೆರಗಾದದ್ದು ಎತ್ತರಕ್ಕೆ. ನನ್ನ ಮಟ್ಟಿಗೆ ಎತ್ತರ ಬಹುಪಾಲು ದುಡ್ಡಿನ ಮಾತು, ಬಲೂನು ದೊಡ್ಡದಾದಷ್ಟೂ ಮೇಲೆ. ಕಸುಬು ಕಾಣುವುದು ಹಾರಿದ ಮೇಲಿನ ಮೊದಲ ಒಂದು ನಿಮಿಷದಲ್ಲಿ.

ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ವಿಮಾನದಿಂದ ಹಾರುವ ಸಾಮಾನ್ಯ ಸ್ಕೈಡೈವರ್ ಎಷ್ಟು ಹೊತ್ತು ಬಿದ್ದರೂ ಅವನ ವೇಗ ಗಂಟೆಗೆ 200 ಕಿ.ಮೀ. ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಗಾಳಿಯ ತಡೆ ಅವನ ತೂಕಕ್ಕೆ ಸಮನಾದ ಮೇಲೆ ವೇಗ ಏರಲು ಕಾರಣವೇ ಉಳಿಯುವುದಿಲ್ಲ. 39 ಕಿಲೋಮೀಟರ್ ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿ ಇರುವುದರ ನೂರರಲ್ಲಿ ಅರ್ಧ ಪಾಲೂ ಇಲ್ಲ. ಗುರುತ್ವವೋ, ಬರೀ ನೂರಕ್ಕೆ ಒಂದರಷ್ಟು ಕಡಿಮೆ. ಎಳೆಯುವ ಕೈ ಹಾಗೇ ಇದೆ, ತಡೆಯುವ ಕೈ ಮಾತ್ರ ಇಲ್ಲ. ಶಬ್ದದ ವೇಗ ಗಾಳಿಯ ಉಷ್ಣತೆಯನ್ನು ಅವಲಂಬಿಸಿರುವುದರಿಂದ ಮೇಲಿನ ಚಳಿಯಲ್ಲಿ ಶಬ್ದದ ಓಟವೂ ತುಸು ಮಂದ: ನೆಲದ ಹತ್ತಿರ ಗಂಟೆಗೆ 1,225 ಕಿ.ಮೀ. ಇದ್ದದ್ದು ಬೌಮ್‌ಗಾರ್ಟ್ನರ್ ಅತಿ ಹೆಚ್ಚು ವೇಗ ಮುಟ್ಟಿದ ಕಡೆ 1,086ರಷ್ಟು. ಕೆಳಗಿಳಿದಂತೆ ಗಾಳಿ ದಟ್ಟವಾಗುತ್ತದೆ, ಪ್ಯಾರಾಚೂಟ್ ಬಿಚ್ಚದೆಯೇ ವೇಗ ತಗ್ಗುತ್ತಾ ಬರುತ್ತದೆ. ಬೀಳುತ್ತಲೇ ನಿಧಾನವಾಗುವ ಈ ವಿಚಿತ್ರ, ನೆಲದ ಮೇಲಿನ ನಮ್ಮ ಅನುಭವಕ್ಕೆ ಒಗ್ಗುವಂಥದ್ದಲ್ಲ.

ತಡೆಯಿಲ್ಲದ ಗಾಳಿಗೆ ಇನ್ನೊಂದು ಮುಖವಿದೆ. ಸ್ಕೈಡೈವರ್ ಅಂಗೈ ತುಸು ವಾಲಿಸಿ, ಮೊಣಕಾಲು ಮಡಿಸಿ ತನ್ನ ಮೈಯನ್ನು ಬೇಕಾದತ್ತ ತಿರುಗಿಸುವುದು ಗಾಳಿಯನ್ನು ಒತ್ತಿ. ಗಾಳಿಯೇ ಇಲ್ಲದ ಕಡೆ ಕೈಬೀಸುವುದು ಬತ್ತಿದ ಹೊಳೆಯಲ್ಲಿ ಹುಟ್ಟು ಹಾಕಿದಂತೆ. ಗೂಡಿನಿಂದ ಕಾಲು ಕೀಳುವಾಗ ಮೈ ಒಂದಿಷ್ಟು ತಿರುಗಿದ್ದರೂ ಸಾಕು, ಆ ಸುತ್ತನ್ನು ನಿಲ್ಲಿಸಲು ಏನೂ ಸಿಗುವುದಿಲ್ಲ. ಮುಂದೆ ಗಾಳಿ ಸಿಗತೊಡಗಿದಾಗ, ಮೈ ಓರೆಯಾಗಿದ್ದರೆ ಅದೇ ಗಾಳಿ ಸುತ್ತನ್ನು ಇನ್ನಷ್ಟು ರಭಸಗೊಳಿಸುತ್ತದೆ. ಅಂಗಾತವೋ ಬೋರಲೋ ಮಲಗಿದಂತೆ ಚಕ್ರಾಕಾರವಾಗಿ ತಿರುಗುವಾಗ ನೆತ್ತರು ತಲೆಗೆ ನುಗ್ಗುತ್ತದೆ. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಜೀವ.

ಇದು ಊಹೆಯ ಮಾತಲ್ಲ. 1959ರ ನವೆಂಬರಿನಲ್ಲಿ ಅಮೆರಿಕದ ವಾಯುಪಡೆಯ ಜೋಸೆಫ್ ಕಿಟಿಂಗರ್ ಸುಮಾರು 23 ಕಿಲೋಮೀಟರ್ ಎತ್ತರದಿಂದ ಹಾರಿದಾಗ, ಗಿರಕಿ ತಡೆಯಲೆಂದೇ ಇಟ್ಟಿದ್ದ ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟಿನ ಹಗ್ಗ ಅವರ ಕತ್ತಿಗೇ ಸುತ್ತಿಕೊಂಡಿತು. ನಿಮಿಷಕ್ಕೆ 120 ಸುತ್ತು, ಎಚ್ಚರ ತಪ್ಪಿತು. ತಾನಾಗಿ ಬಿಚ್ಚಿಕೊಂಡ ತುರ್ತು ಪ್ಯಾರಾಚೂಟ್ ಉಳಿಸಿತು. ಒಂದು ತಿಂಗಳೊಳಗೆ ಮತ್ತೆ ಹಾರಿದರು! 1960ರ ಆಗಸ್ಟ್ 16ರಂದು 31 ಕಿಲೋಮೀಟರಿನಿಂದ ಹಾರಿದಾಗ ಡ್ರೋಗ್ ಸರಿಯಾಗಿ ಬಿಚ್ಚಿಕೊಂಡು ಮೈಯನ್ನು ನೆಟ್ಟಗೆ ಹಿಡಿದಿತ್ತು. ಆ ಸಲ ಮೇಲೇರುವಾಗಲೇ ಬಲಗೈ ಗವಸಿನ ಒತ್ತಡ ಸೋರಿ ಕೈ ಊದಿಕೊಂಡಿತ್ತು. ಹೇಳಿದರೆ ಕೆಳಗಿಳಿಸಿಬಿಡುತ್ತಾರೆಂದು ಅವರು ಬಹಳ ಹೊತ್ತು ಬಾಯಿ ಬಿಡಲಿಲ್ಲ.

ಬೌಮ್‌ಗಾರ್ಟ್ನರ್ ಡ್ರೋಗ್ ಹಿಡಿದು ಬೀಳಲು ಒಪ್ಪಲಿಲ್ಲ, ಅದರ ತಡೆಯಿಂದ ವೇಗ ಕುಂದುತ್ತದೆ. ಬದಲಿಗೆ ಅದನ್ನು ಆಪತ್ತಿಗೆಂದು ಮಡಚಿಟ್ಟುಕೊಂಡರು: ಗಿರಕಿಯ ಸೆಳೆತ ಗುರುತ್ವದ ಮೂರೂವರೆ ಪಟ್ಟು ದಾಟಿ ಸತತ ಆರು ಸೆಕೆಂಡು ಇದ್ದರೆ ಅದು ತಾನೇ ಬಿಚ್ಚಿಕೊಳ್ಳಬೇಕು. ಗಿರಕಿ ಬಂದೇ ಬಂತು. ನೇರ ಪ್ರಸಾರದಲ್ಲಿ ಬಿಳಿ ಚುಕ್ಕೆಯೊಂದು ಗಿರಗಿರನೆ ಸುತ್ತುತ್ತಿತ್ತು. ಡ್ರೋಗ್ ಬಿಚ್ಚುವ ಗುಂಡಿ ಒತ್ತಿದರೆ ಜೀವ ಭದ್ರ, ದಾಖಲೆ ಮಣ್ಣುಪಾಲು. ಅವರು ಒತ್ತಲಿಲ್ಲ, ಗಾಳಿ ಕೈಗೆ ಸಿಗುವವರೆಗೆ ತಡೆದು, ಸಿಕ್ಕ ಕೂಡಲೇ ಕೈಕಾಲಿನಿಂದ ಗಿರಕಿಯನ್ನು ಹದಕ್ಕೆ ತಂದರು. ಅದೂ ಒತ್ತಡ ತುಂಬಿ ಬಿರುಸಾದ ಉಡುಪಿನೊಳಗೆ, ಮೊಣಕೈ ಮಡಿಸುವುದೇ ಒಂದು ಕೆಲಸವಾಗಿರುವಾಗ. ತಮಾಷೆಯೆಂದರೆ, ಗಗನಚುಂಬಿ ಕಟ್ಟಡಗಳಿಂದ ಹಾರಿ ಹೆಸರಾದ ಈ ಗಂಡಾಳಿಗೆ ಅಂಜಿಕೆ ಹುಟ್ಟಿಸಿದ್ದು ಈ ಉಡುಪೇ. ಹೆಲ್ಮೆಟ್ಟಿನೊಳಗೆ ಉಸಿರುಗಟ್ಟಿದಂತಾಗಿ ಒಮ್ಮೆ ತಯಾರಿ ಬಿಟ್ಟು ಮನೆಗೆ ಹೋಗಿದ್ದರು. ಮನಶ್ಶಾಸ್ತ್ರಜ್ಞರ ನೆರವಿನಿಂದ ಮರಳಿದರು. ಉಡುಪನ್ನು ಬಿಡುವಂತೆಯೂ ಇರಲಿಲ್ಲ. ಸುಮಾರು 19 ಕಿಲೋಮೀಟರಿನಿಂದ ಮೇಲೆ ಒತ್ತಡ ಎಷ್ಟು ಕಡಿಮೆಯೆಂದರೆ, ನೀರು ಮೈಯ ಬಿಸಿಗೇ ಕುದಿಯುತ್ತದೆ.

ಎರಡೇ ವರ್ಷಕ್ಕೆ, 2014ರ ಅಕ್ಟೋಬರ್ 24ರಂದು, ಗೂಗಲ್ ಕಂಪನಿಯ ಹಿರಿಯ ಅಧಿಕಾರಿ ಅಲನ್ ಯೂಸ್ಟೇಸ್ ಅದೇ ನ್ಯೂ ಮೆಕ್ಸಿಕೊದ ಮೇಲೆ 41.4 ಕಿಲೋಮೀಟರಿಗೆ ಏರಿದರು. ವಯಸ್ಸು 57. ಸದ್ದುಗದ್ದಲವಿಲ್ಲ, ಗೂಡೂ ಇಲ್ಲ. ಉಡುಪು ತೊಟ್ಟು ಬಲೂನಿನ ಕೆಳಗೆ ನೇತಾಡುತ್ತಲೇ ಹೋದರು. ಡ್ರೋಗ್ ಹಗ್ಗ ಮೈಗೆ ಸುತ್ತಿಕೊಳ್ಳದಂತೆ ಅವರ ತಂಡ ಹೊಸ ಏರ್ಪಾಡು ಮಾಡಿತ್ತು. ಡ್ರೋಗ್ ಬಿಚ್ಚಿಕೊಂಡಿದ್ದರೂ ಗಂಟೆಗೆ 1,320 ಕಿ.ಮೀ. ಮೀರಿದರು. ಅವರು ಶಬ್ದದ ವೇಗ ದಾಟಿದಾಗ ಎದ್ದ ಸಿಡಿತ ಕೆಳಗಿದ್ದವರ ಕಿವಿಗೆ ಬಿತ್ತು, ಅವರಿಗೆ ಮಾತ್ರ ಕೇಳಿಸಲಿಲ್ಲ. ಯಾವ ಹಾರಾಟ ಮೆಚ್ಚು ಎಂದರೆ ನನ್ನ ಮತ ಇವರಿಗೇ. ಗಿರಕಿಯೊಡನೆ ಸೆಣಸಿ ಗೆಲ್ಲುವುದು ಒಂದು ಬಗೆ, ಅದು ಹುಟ್ಟದಂತೆ ನೋಡಿಕೊಳ್ಳುವುದು ಇನ್ನೊಂದು. ಎತ್ತರದ ದಾಖಲೆ ಯೂಸ್ಟೇಸ್ ಅವರದಾಯಿತು. ಡ್ರೋಗ್ ಇಲ್ಲದೆ ಬಿದ್ದ ವೇಗದ ದಾಖಲೆ ಬೌಮ್‌ಗಾರ್ಟ್ನರ್ ಹೆಸರಿನಲ್ಲೇ ಉಳಿಯಿತು. 31 ಕಿಲೋಮೀಟರಿನಿಂದ ಹಾರಿದ ಕಿಟಿಂಗರ್ 4 ನಿಮಿಷ 36 ಸೆಕೆಂಡು ಬಿದ್ದರೆ, 39 ಕಿಲೋಮೀಟರಿನಿಂದ ಹಾರಿದ ಬೌಮ್‌ಗಾರ್ಟ್ನರ್ ಬಿದ್ದದ್ದು 4 ನಿಮಿಷ 20 ಸೆಕೆಂಡಿನಷ್ಟು. ಆ ವ್ಯತ್ಯಾಸ ಎರಡು ಮೀಟರೂ ಅಗಲವಿಲ್ಲದ ಡ್ರೋಗಿನ ಕೆಲಸ.