ಹೊಸ ಕಿಡ್ನಿಯ ಸುತ್ತ ನೀರು ತುಂಬಿದರೆ...

ಸ್ಕ್ಯಾನಿಂಗ್ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಬಸುರಿಯರು. ಆದರೆ ಚಂದಾಪುರಕ್ಕೆ ಹತ್ತಿರದ ಬೊಮ್ಮಸಂದ್ರದಲ್ಲಿ, ಹೃದಯದ ಆಸ್ಪತ್ರೆಯೆಂದೇ ಹೆಸರಾದ ನಾರಾಯಣದಲ್ಲಿ ಕಿಡ್ನಿ ಕಸಿಯೂ ನಡೆಯುತ್ತದೆ. ಕಸಿ ಮಾಡಿಸಿಕೊಂಡವರಿಗೆ ಅದೇ ಅಲ್ಟ್ರಾಸೌಂಡ್ ಯಂತ್ರ ಬಹು ದೊಡ್ಡ ಆಸರೆ.

ಮಗನಿಗೆ ತಾಯಿ, ಗಂಡನಿಗೆ ಹೆಂಡತಿ ಕಿಡ್ನಿ ಕೊಟ್ಟ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಎಲ್ಲವೂ ಸರಿಹೋಯಿತು ಎನ್ನುವಾಗ ಮೂತ್ರ ಕಡಿಮೆಯಾಗುತ್ತದೆ, ಕ್ರಿಯಾಟಿನಿನ್ ಏರುತ್ತದೆ, ಒಂದು ಕಾಲು ಮಾತ್ರ ಊದುತ್ತದೆ. 'ನಾನು ಕೊಟ್ಟ ಕಿಡ್ನಿಯನ್ನು ಅವನ ದೇಹ ಒಪ್ಪಲಿಲ್ಲವೇನೋ' ಎಂದು ತಾಯಿ ಕಂಗಾಲಾಗುತ್ತಾಳೆ. ಯಾವಾಗಲೂ ಹಾಗಿರಬೇಕಿಲ್ಲ. ಕಿಡ್ನಿಯ ಸುತ್ತ ದ್ರವ ತುಂಬಿ, ಮೂತ್ರನಾಳವನ್ನೋ ರಕ್ತನಾಳವನ್ನೋ ಅದುಮುತ್ತಿರಬಹುದು. ಹಾಗಿದ್ದರೆ ಅದಕ್ಕೆ ಪರಿಹಾರವಿದೆ.

ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕೆಳಹೊಟ್ಟೆಯ ಒಂದು ಬದಿಯಲ್ಲಿ, ಚರ್ಮಕ್ಕೆ ಸಮೀಪವಾಗಿ ಕೂರಿಸುತ್ತಾರೆ. ಆದ್ದರಿಂದ ಅದು ಅಲ್ಟ್ರಾಸೌಂಡಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವಿಕಿರಣವಿಲ್ಲ, ಕಿಡ್ನಿಗೆ ಭಾರವಾಗುವ ಬಣ್ಣದ ಚುಚ್ಚುಮದ್ದೂ ಬೇಡ. ಡಾಪ್ಲರ್‌ನಿಂದ ರಕ್ತದ ಹರಿವನ್ನೂ ನೋಡಬಹುದು.

ಮೊದಲ ದಿನಗಳಲ್ಲಿ ಕಾಣುವುದು ಹೆಚ್ಚಾಗಿ ರಕ್ತದ ಗಂಟು. ಮೂತ್ರನಾಳದ ಜೋಡಣೆ ಸೋರಿದರೆ ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ ಮೂತ್ರ ಶೇಖರವಾಗುತ್ತದೆ. ವಾರಗಳು ಕಳೆದ ಮೇಲೆ ಬರುವುದು ಲಿಂಫೋಸೀಲ್, ಅಂದರೆ ದುಗ್ಧರಸದ ಚೀಲ. ಕೀವೂ ಆಗಬಹುದು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳಿಂದಾಗಿ ಜ್ವರ ಜೋರಾಗಿ ಕಾಣಿಸದಿರಲೂಬಹುದು. ಆದ್ದರಿಂದ ಸಣ್ಣ ಜ್ವರಕ್ಕೆ ಮನೆಯಲ್ಲೇ ಮಾತ್ರೆ ನುಂಗಿಸಿ ಕಾಯಬೇಡಿ.

ತೆರೆಯ ಮೇಲೆ ದ್ರವ ಕಪ್ಪಗೆ ಕಾಣುತ್ತದೆ. ಅದು ಯಾವ ದ್ರವ ಎಂಬುದನ್ನು ಚಿತ್ರ ನೋಡಿಯೇ ಖಚಿತವಾಗಿ ಹೇಳಲಾಗದು. ಆಗ ಅದೇ ಚಿತ್ರದ ನೆರವಿನಿಂದ ಸೂಜಿ ಹಾಕಿ ಸ್ವಲ್ಪ ತೆಗೆಯುತ್ತಾರೆ. ಅದರಲ್ಲಿ ಕ್ರಿಯಾಟಿನಿನ್ ರಕ್ತಕ್ಕಿಂತ ಬಹಳ ಹೆಚ್ಚಿದ್ದರೆ ಮೂತ್ರ. ರಕ್ತದಷ್ಟೇ ಇದ್ದರೆ ಲಿಂಫ್. ಎಷ್ಟು ಸರಳ ಲೆಕ್ಕ!

ತೊಂದರೆ ಕೊಡದ ಚಿಕ್ಕ ಲಿಂಫೋಸೀಲನ್ನು ಮುಟ್ಟುವುದೇ ಇಲ್ಲ. ದೊಡ್ಡದಾದರೆ ತೆಳು ನಳಿಕೆ ಇಟ್ಟು ಬಸಿಯುತ್ತಾರೆ. ಬರೀ ಸೂಜಿಯಿಂದ ತೆಗೆದರೆ ಮತ್ತೆ ತುಂಬುವುದುಂಟು. ಹಾಗಾದರೆ ಲ್ಯಾಪ್ರೊಸ್ಕೋಪಿಯಿಂದ ಚೀಲಕ್ಕೆ ಕಿಂಡಿ ಮಾಡಿ ಹೊಟ್ಟೆಯೊಳಕ್ಕೆ ದಾರಿ ಬಿಡುತ್ತಾರೆ. ಅಲ್ಲಿ ದೇಹವೇ ಅದನ್ನು ಹೀರಿಕೊಳ್ಳುತ್ತದೆ. ಮೂತ್ರ ಸೋರಿಕೆಗೆ ಸ್ಟೆಂಟ್, ಕ್ಯಾಥೆಟರ್, ಕೆಲವೊಮ್ಮೆ ಮರು ಶಸ್ತ್ರಚಿಕಿತ್ಸೆಯೂ ಬೇಕಾದೀತು.

ಪ್ರತಿ ಸ್ಕ್ಯಾನಿಂಗ್ ರಿಪೋರ್ಟನ್ನೂ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿಡಿ, ಪರೀಕ್ಷೆಗೆ ಹೋಗುವಾಗ ಜೊತೆಗೊಯ್ಯಿರಿ. ಕಳೆದ ಸಲ 4 ಸೆಂಟಿಮೀಟರ್ ಇದ್ದದ್ದು ಈ ಸಲ 6 ಆಗಿದೆಯೋ 3ಕ್ಕೆ ಇಳಿದಿದೆಯೋ ಎಂಬುದನ್ನು ಡಾಕ್ಟರು ಅದರಲ್ಲೇ ನೋಡುವುದು.