ಎಕರೆಗೆ ಎಕರೆ ಕೊಟ್ಟರೆ ಲೆಕ್ಕ ಸರಿಹೋಗುತ್ತಾ?

ಕಳೆದ ಸಲ ಹಾನಗಲ್ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಕಾಕಾನ ಜೊತೆ ಸಣ್ಣ ಜಗಳವೇ ಆಯ್ತು. ವಿಷಯ, ಸಂಡೂರಿನ ದೇವದಾರಿ ಗಣಿ. ಕೇಂದ್ರ ಸರ್ಕಾರದ ಕೆಐಒಸಿಎಲ್ ಕಂಪನಿಗೆ ಅಲ್ಲಿ 401.57 ಹೆಕ್ಟೇರ್ ಅರಣ್ಯ ಬೇಕು. 2024ರ ಜೂನ್‌ನಲ್ಲಿ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಕಡತಕ್ಕೆ ಸಹಿ ಹಾಕಿದರು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಜಮೀನು ಹಸ್ತಾಂತರ ಮಾಡಬೇಡಿ ಅಂದರು.

ನನ್ನ ವಾದ ಸಿಂಪಲ್. ಕಾಡು ತಗೊಂಡವರು ಕಾಯ್ದೆ ಪ್ರಕಾರ ಬೇರೆ ಕಡೆ ಬದಲಿ ಗಿಡ ಬೆಳೆಸಲೇಬೇಕು. ಎಕ್ಸೆಲ್ ಶೀಟಿನಲ್ಲಿ ಎರಡೂ ಕಡೆ ಟ್ಯಾಲಿ!

ಕಾಕಾ ನಕ್ಕರು. "ಗಿಡಾ ಹಚ್ಚತೀವಿ ಅಂತನ ಆವಾಗೂ ಬಂದಿದ್ರು. ಕುಸನೂರಾಗ ಏನಾತು ಗೊತ್ತೈತೇನು ನಿನಗ?"

ಕುಸನೂರು ನನಗೆ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಗೊತ್ತು. ನಮ್ಮ ತಾಲ್ಲೂಕೇ, ನಾಚಿಕೆಯ ಮಾತು.

1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿತು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನಿನಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವ ಯೋಜನೆ. ಕಾಗದದ ಮೇಲೆ ಅದು ಪಾಳು ಭೂಮಿ, ನೀಲಗಿರಿ ಬಂದರೆ ಹಸಿರು ಹೆಚ್ಚಿದ ಲೆಕ್ಕ. ಊರವರಿಗೆ ಅದೇ ಗಾಯರಾಣ: ದನ ಮೇಯೋದು ಅಲ್ಲಿ, ಒಲೆಗೆ ಕಟ್ಟಿಗೆ ಅಲ್ಲಿಂದ. ನೀಲಗಿರಿ ಎಲೆಯನ್ನ ಆಡೂ ಮೂಸೋದಿಲ್ಲ.

1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯದ ಜೊತೆ ಜನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಆಗಿನ್ನೂ ಹಾವೇರಿ ಜಿಲ್ಲೆ ಇರಲಿಲ್ಲ, ನಾವೆಲ್ಲ ಧಾರವಾಡದವರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಮುಂದೆ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದೂ ಇದೇ ಸಂಘಟನೆ.

"ಆತು, ಸಂಡೂರಿನ ಬದಲಿ ಗಿಡ ಎಲ್ಲಿ ಹಚ್ತಾರ? ಅದು ಮತ್ಯಾರದರ ದನಾ ಮೇಯೋ ಜಾಗ ಇದ್ರ?" ಅಂತ ಕಾಕಾ ಕೇಳಿದರು.

ನನ್ನ ಶೀಟಿನಲ್ಲಿ ಹೆಕ್ಟೇರ್ ಇತ್ತು, ಮರಗಳ ಸಂಖ್ಯೆ ಇತ್ತು. ಆ ಜಾಗವನ್ನ ಈಗ ಯಾರು ಬಳಸ್ತಿದ್ದಾರೆ ಅನ್ನೋ ಕಾಲಂ ಇರಲಿಲ್ಲ. ಗಣಿಯೇ ಬೇಡ ಅನ್ನುವವನಲ್ಲ ನಾನು, ದಿನಾ ಮೆಟ್ರೋದಲ್ಲಿ ಓಡಾಡ್ತೀನಿ, ಅದಕ್ಕೂ ಉಕ್ಕು ಬೇಕು. ಆದರೆ ಬದಲಿ ಜಮೀನಿನ ಸರ್ವೆ ನಂಬರು ಗಣಿಗೆ ಒಪ್ಪಿಗೆ ಕೊಡೋ ಮೊದಲೇ ಆ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಕಾಕಾ ಇದಕ್ಕೂ ಪೂರ್ತಿ ಒಪ್ಪಲಿಲ್ಲ.